ಮೂರನೆಯ ಡಬ್ಬಿ: ಗಾಯಾಳು ಯೋಧರೊಬ್ಬರ ಮನೆಗೆ ದಾವಣಗೆರೆಯಲ್ಲಿ ಊಟ ಮುಟ್ಟಿಸಿದ ಪ್ರಕರಣ

ಕಾಲು ಮುರಿದುಕೊಂಡು ರಜೆಯ ಮೇಲೆ ಬಂದಿದ್ದ ಸೈನಿಕರೊಬ್ಬರ ಮನೆಗೆ ಹನ್ನೆರಡು ವಾರಗಳ ಕಾಲ ದಿನವೂ ಊಟ ಮುಟ್ಟಿಸಿದ ಏಳು ಮಂದಿಯಲ್ಲಿ ನಾನೂ ಒಬ್ಬ. ಬ್ಯಾಂಕಿನಲ್ಲಿ ದುಡಿದು ನಿವೃತ್ತನಾದವನೆಂಬ ಕಾರಣಕ್ಕೆ ಲೆಕ್ಕದ ಪುಸ್ತಕ ನನ್ನ ಪಾಲಿಗೆ ಬಂದಿತು. ಈ ಬರಹಕ್ಕೆ ಆಧಾರವೂ ಆ ಪುಸ್ತಕವೇ. ಹೆಸರು, ಊರು, ಪಲ್ಟನ್ ಯಾವುದನ್ನೂ ಬರೆಯುವುದಿಲ್ಲವೆಂದು ಆ ಕುಟುಂಬಕ್ಕೆ ಮಾತು ಕೊಟ್ಟಿದ್ದೇವೆ. ಆದ್ದರಿಂದ ಅವರನ್ನು ಇಲ್ಲಿ ‘ನಾಯಕ್’ ಎಂದು ಅವರ ದರ್ಜೆಯಿಂದಲೇ ಕರೆಯುತ್ತೇನೆ.

ನಾಯಕ್ ಜಗಳೂರು ತಾಲ್ಲೂಕಿನವರು. ಉತ್ತರದ ಗುಡ್ಡಗಾಡಿನಲ್ಲಿ ಸೇನಾ ವಾಹನ ಉರುಳಿದಾಗ ಅವರ ಬಲಗಾಲಿನ ಮೊಣಕಾಲ ಕೆಳಗಿನ ಮೂಳೆ ಮುರಿದು ಚರ್ಮ ಸೀಳಿ ಹೊರಬಂದಿತ್ತು. ಉಧಂಪುರದ ಕಮಾಂಡ್ ಆಸ್ಪತ್ರೆಯಲ್ಲಿ ಮೊದಲ ಶಸ್ತ್ರಚಿಕಿತ್ಸೆಯಾಗಿ, ಅಲ್ಲಿಂದ ಬೆಂಗಳೂರಿನ ವಾಯುಪಡೆಯ ಕಮಾಂಡ್ ಆಸ್ಪತ್ರೆಗೆ ಬಂದು, ಕಾಲಿಗೆ ಉಕ್ಕಿನ ಬಳೆಗಳ ಚೌಕಟ್ಟು ಹಾಕಿಸಿಕೊಂಡಿದ್ದರು. 1950ರ ದಶಕದಲ್ಲಿ ಸೈಬೀರಿಯಾದ ಕುರ್ಗಾನ್‌ನಲ್ಲಿ ಗವ್ರೀಲ್ ಇಲಿಜಾರೋವ್ ಎಂಬ ವೈದ್ಯರು ರೂಪಿಸಿದ ಈ ಸಾಧನದಲ್ಲಿ ತಂತಿಗಳು ಚರ್ಮದ ಮೂಲಕ ಮೂಳೆಯನ್ನು ಹಾಯ್ದು ಹೊರಗಿನ ಬಳೆಗಳಿಗೆ ಬಿಗಿಯಲ್ಪಟ್ಟಿರುತ್ತವೆ. ಮೂಳೆ ಕೂಡುವವರೆಗೆ, ಅಂದರೆ ಎಷ್ಟೋ ತಿಂಗಳು, ರೋಗಿ ಅದನ್ನು ಹೊತ್ತೇ ತಿರುಗಬೇಕು. ತಂತಿ ಒಳಹೊಕ್ಕ ಒಂದೊಂದು ತೂತನ್ನೂ ದಿನವೂ ತೊಳೆದು ಒರೆಸಬೇಕು. ಆರು ವಾರದ ಸಿಕ್ ಲೀವ್, ಬಳಿಕ ಬೆಂಗಳೂರಿನಲ್ಲಿ ಮರುಪರೀಕ್ಷೆ, ಮತ್ತೆ ಆರು ವಾರ: ಇದು ಅವರಿಗೆ ಬರೆದುಕೊಟ್ಟಿದ್ದ ಕ್ರಮ.

ದಿನನಿತ್ಯದ ಫಿಜಿಯೋಥೆರಪಿ ಹಳ್ಳಿಯಲ್ಲಿ ಸಿಗುವಂತಿರಲಿಲ್ಲ. ಹೀಗಾಗಿ ಹೆಂಡತಿ ಹಾಗೂ ಆರು ವರ್ಷದ ಮಗನೊಂದಿಗೆ ಅವರು ದಾವಣಗೆರೆಯ ಹದಡಿ ರಸ್ತೆಯ ಕಡೆ ಒಂದು ಬಾಡಿಗೆ ಮನೆ ಹಿಡಿದರು. ಮನೆ ಹುಡುಕಿಕೊಡುವ ಕೆಲಸದಿಂದಲೇ ನಮ್ಮ ನಂಟು ಆರಂಭವಾಯಿತು. ನೆಲಮಹಡಿಯ ಮನೆ ಸಿಕ್ಕಿತಾದರೂ ಶೌಚಾಲಯ ಕುಕ್ಕರಗಾಲಲ್ಲಿ ಕೂರುವಂಥದ್ದಾಗಿತ್ತು. ಬಳೆಗಳ ಚೌಕಟ್ಟು ಹೊತ್ತವರಿಗೆ ಅದು ಆಗದ ಮಾತು. ನಮ್ಮ ಗುಂಪಿನ ಔಷಧಿ ಅಂಗಡಿಯವರು ನಡುವೆ ತೂತಿರುವ ಕಮೋಡ್ ಕುರ್ಚಿಯೊಂದನ್ನು ತಂದಿಟ್ಟರು. ಹನ್ನೆರಡು ವಾರಗಳಲ್ಲಿ ನಾವು ಮಾಡಿದ ಎಲ್ಲ ಕೆಲಸಗಳ ಪೈಕಿ ತಪ್ಪೇ ಇಲ್ಲದ ಕೆಲಸ ಬಹುಶಃ ಅದೊಂದೇ.

ಮೊದಲ ವಾರದ ಸಂಭ್ರಮ

ಸೈನಿಕರೊಬ್ಬರು ಗಾಯಗೊಂಡು ಬಂದಿದ್ದಾರೆಂಬ ಸುದ್ದಿ ವಾಟ್ಸಾಪಿನಲ್ಲಿ ಹರಿದಾಡಿದ ಮೊದಲ ಭಾನುವಾರ ಆ ಮನೆಗೆ ಹನ್ನೊಂದು ಕಡೆಯಿಂದ ತಿಂಡಿ ಬಂದಿತು. ಬೆಣ್ಣೆ ದೋಸೆ, ಹೋಳಿಗೆ, ಜಾಮೂನು, ಖಾರ ಮಂಡಕ್ಕಿಯ ಜೊತೆಗೆ ಪೇಪರಿನಲ್ಲಿ ಸುತ್ತಿದ ಮೆಣಸಿನಕಾಯಿ. ದಾಸೋಹದ ನೆಲದಲ್ಲಿ ಬೆಳೆದವರಿಗೆ ಉಣಬಡಿಸುವುದೆಂದರೆ ಕೈ ಬಿಚ್ಚಿ ಬಡಿಸುವುದೇ. ಆದರೆ ದಾಸೋಹದ ಪಂಕ್ತಿಯಲ್ಲಿ ಕೂತವನು ತನಗೆ ಬೇಕಾದಷ್ಟು ಉಂಡು ಎದ್ದು ಹೋಗುತ್ತಾನೆ. ಹಾಸಿಗೆ ಹಿಡಿದವನಿಗೆ ಎದ್ದು ಹೋಗುವ ಅನುಕೂಲವಿಲ್ಲ. ನೋವಿನ ಮಾತ್ರೆಗಳಿಂದಲೂ ಅಲ್ಲಾಡದೆ ಮಲಗಿರುವುದರಿಂದಲೂ ಮೊದಲೇ ಮಲಬದ್ಧತೆ ಕಾಡುತ್ತಿದ್ದ ದೇಹಕ್ಕೆ ಅಂದಿನ ಮೈದಾ ಮತ್ತು ಸಿಹಿ ಸೇರಿ ಎರಡು ದಿನ ಅವರು ಪಟ್ಟ ಪಾಡನ್ನು ಅವರ ಮನೆಯವರು ನಮಗೆ ಹೇಳಿದ್ದು ಬಹಳ ತಡವಾಗಿ, ಅದೂ ಸಂಕೋಚದಿಂದ.

ಅದೇ ವಾರ ಊರಿನ ಒಂದು ಸಂಘದವರು ಸನ್ಮಾನವೊಂದನ್ನು ಇಟ್ಟುಕೊಂಡರು. ಪೇಟ, ಶಾಲು, ಹಣ್ಣಿನ ಬುಟ್ಟಿ, ಫೋಟೋ. ಮೂರ್ನಾಲ್ಕು ಭಾಷಣ ಮುಗಿಯುವವರೆಗೆ ನಾಯಕ್ ವಾಕರ್ ಹಿಡಿದು ನಿಂತೇ ಇದ್ದರು. ಕೂರಿ ಎಂದು ಯಾರೂ ಹೇಳಲಿಲ್ಲ, ತಾವಾಗಿ ಕೂರುವುದು ಅವರ ಅಭ್ಯಾಸವಲ್ಲ. ಕಾಲನ್ನು ಹೆಚ್ಚು ಹೊತ್ತು ಇಳಿಬಿಟ್ಟರೆ ಬಾವು ಬರುತ್ತದೆಂದು ಆಸ್ಪತ್ರೆಯ ಕಾಗದದಲ್ಲೇ ಬರೆದಿತ್ತು. ಆ ರಾತ್ರಿ ಪಾದ ಊದಿ, ಬಳೆ ಮತ್ತು ಚರ್ಮದ ನಡುವೆ ಬೆರಳು ತೂರದಂತಾಗಿತ್ತು. ಆ ಸಂಘದವರನ್ನು ದೂರುವ ನೈತಿಕ ಹಕ್ಕು ನಮಗೂ ಅಷ್ಟಾಗಿ ಇಲ್ಲ: ಮುಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿದವರಲ್ಲಿ ನಾನೂ ಇದ್ದೆ.

ನಮ್ಮನ್ನು ಹಾದಿಗೆ ತಂದವರು ಗುಂಪಿನ ಹಿರಿಯರಾದ ನಿವೃತ್ತ ಸುಬೇದಾರರು. ಸೇನೆಗೆ ಅಕ್ಕಿ, ಬೇಳೆ, ಇಂಧನ ಸಾಗಿಸುವ ಆರ್ಮಿ ಸರ್ವೀಸ್ ಕೋರ್‌ನಲ್ಲಿ ಕೆಲಸ ಮಾಡಿದವರು ಅವರು. ತಲೆಗೆ ಇಷ್ಟು ಗ್ರಾಂ ಎಂದು ತೂಗಿ ಕೊಡುವುದು ಅವರಿಗೆ ರಕ್ತಗತ. “ಇದು ಬಡಾ ಖಾನಾ ಅಲ್ರೀ, ದಿನದ ರೇಷನ್ನು. ಒಂದಿನ ಜಾಸ್ತಿ ಕೊಟ್ಟು ಮರುದಿನ ಮರೆತರೆ ಅದನ್ನ ಸಪ್ಲೈ ಅನ್ನಲ್ಲ” ಎಂದರು. ಬಡಾ ಖಾನಾ ಎಂದರೆ ವಿಶೇಷ ದಿನಗಳಲ್ಲಿ ಅಧಿಕಾರಿಗಳೂ ಜವಾನರೂ ಒಟ್ಟಿಗೆ ಕೂತು ಉಣ್ಣುವ ಪಲ್ಟನ್ನಿನ ದೊಡ್ಡೂಟ. ಅಂದಿನಿಂದ ಹೊರಗಿನ ತಿಂಡಿ ನಿಂತಿತು. ಊಟ ಒಂದೇ ಅಡುಗೆಮನೆಯಿಂದ, ಒಂದೇ ಹೊತ್ತಿಗೆ ಹೋಗತೊಡಗಿತು.

ಆ ಅಡುಗೆಮನೆ ನಮ್ಮ ಬಡಾವಣೆಯ ರೊಟ್ಟಿ ಖಾನಾವಳಿ. ಅದನ್ನು ನಡೆಸುವ ಅಕ್ಕ ಕೂಲಿಯ ಮಾತೆತ್ತಗೊಡದೆ ಒಪ್ಪಿಕೊಂಡರು. ಡಬ್ಬಿ ಒಯ್ಯಲು ಎನ್‌ಸಿಸಿಯ ಇಬ್ಬರು ಕಾಲೇಜು ಹುಡುಗರು, ಅವರಿಗೆ ತರಗತಿ ಇದ್ದ ದಿನ ಸ್ಕೂಟರ್ ಇರುವ ನಿವೃತ್ತ ಮೇಷ್ಟ್ರು. ವಾಟ್ಸಾಪ್ ಗುಂಪಿನಲ್ಲಿ ಅರವತ್ತಕ್ಕೂ ಹೆಚ್ಚು ಜನರಿದ್ದರು. ಎರಡನೆಯ ವಾರದ ಬಳಿಕ ಡಬ್ಬಿಯ ಹಿಡಿಕೆ ಹಿಡಿದವರು ಏಳೇ ಮಂದಿ.

ಕಾಗದದ ಮೇಲಿನ ಎಪ್ಪತ್ತೈದು ಗ್ರಾಂ

ಫಿಜಿಯೋಥೆರಪಿಗೆ ಹೋಗುತ್ತಿದ್ದ ಆಸ್ಪತ್ರೆಯ ಆಹಾರ ತಜ್ಞೆ ಕೊಟ್ಟ ಸಲಹೆ ಸರಳವಾಗಿತ್ತು. ಮುರಿದ ಮೂಳೆಗೂ ಹರಿದ ಮಾಂಸಕ್ಕೂ ಪ್ರೋಟೀನು ಹೆಚ್ಚು ಬೇಕು. ದೇಹದ ತೂಕದ ಒಂದೊಂದು ಕಿಲೋಗೆ ದಿನಕ್ಕೆ 1.2ರಿಂದ 1.5 ಗ್ರಾಂ. 62 ಕಿಲೋ ತೂಗುವ ನಾಯಕ್‌ಗೆ ಹಾಗಾದರೆ ಕನಿಷ್ಠ 75 ಗ್ರಾಂ. ಸುಬೇದಾರರು ಕನ್ನಡಕ ಏರಿಸಿ ಕೂತರು. ಒಂದು ಮೊಟ್ಟೆಗೆ ಸುಮಾರು 6 ಗ್ರಾಂ, ಮೂರಕ್ಕೆ 18. ಹಾಲು ಮೊಸರು ಸೇರಿ ಅರ್ಧ ಲೀಟರಿಗೆ 16. ಹುರುಳಿ, ಹೆಸರು, ತೊಗರಿ ಯಾವುದಾದರೂ 100 ಗ್ರಾಂ ಕಾಳಿಗೆ 22ರ ಆಸುಪಾಸು. ಉಳಿದದ್ದು ಜೋಳದ ರೊಟ್ಟಿ ಮತ್ತು ರಾಗಿಯಿಂದ. ರಾಗಿಯಲ್ಲಿ ಪ್ರೋಟೀನು ಕಡಿಮೆಯಾದರೂ 100 ಗ್ರಾಮಿಗೆ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇರುವುದರಿಂದ ಬೆಳಗಿನ ಅಂಬಲಿ ಖಾಯಂ ಆಯಿತು. ದುಬಾರಿ ಪುಡಿಯ ಡಬ್ಬವೊಂದನ್ನು ಕೊಡಿಸಲು ಮುಂದಾದವರಿದ್ದರು. ಜಗಳೂರಿನವರಿಗೆ ಹುರುಳಿಯ ಕಟ್ಟು, ಮೊಳಕೆ ಹೆಸರುಕಾಳಿನ ಪಲ್ಯ ಬಿಟ್ಟು ಅದು ಯಾಕೆ ಬೇಕೆಂದು ಖಾನಾವಳಿಯ ಅಕ್ಕ ಕೇಳಿದ ಪ್ರಶ್ನೆಗೆ ಉತ್ತರ ಸಿಗಲಿಲ್ಲ.

ಮೊಟ್ಟೆಯ ವಿಷಯದಲ್ಲಿ ಒಂದು ತೊಡಕಿತ್ತು. ಅದು ಲಿಂಗಾಯತ ಖಾನಾವಳಿ. ಅಲ್ಲಿಯ ಒಲೆಯ ಮೇಲೆ ಮೊಟ್ಟೆ ಏರುವುದಿಲ್ಲ. ಅಕ್ಕ ಅದನ್ನು ಮುಚ್ಚುಮರೆಯಿಲ್ಲದೆ ಹೇಳಿದರು, ನಾವು ಒತ್ತಾಯಿಸಲಿಲ್ಲ. ಎನ್‌ಸಿಸಿ ಹುಡುಗನೊಬ್ಬ ವಾರಕ್ಕೊಮ್ಮೆ ಮೊಟ್ಟೆಯ ಟ್ರೇ ತಂದುಕೊಡುವುದು, ನಾಯಕ್ ಮನೆಯವರು ಬೆಳಿಗ್ಗೆ ಮೂರು ಬೇಯಿಸಿಡುವುದು ಎಂದಾಯಿತು. ಇಂಥ ಸಂಗತಿಗಳನ್ನು ಮೊದಲೇ ಬಾಯಿಬಿಟ್ಟು ಮಾತಾಡಿಕೊಳ್ಳುವುದೇ ಒಳ್ಳೆಯದು. ಮನಸ್ಸಿಲ್ಲದ ಮನಸ್ಸಿನಿಂದ ಒಪ್ಪಿಕೊಂಡ ಅಡುಗೆ ಬಹಳ ದಿನ ನಡೆಯುವುದಿಲ್ಲ.

ಎರಡನೆಯ ವಾರದ ಕೊನೆಗೆ ತಂತಿಯ ಎರಡು ತೂತುಗಳಲ್ಲಿ ಕೀವು ಕಾಣಿಸಿತು. ಪರೀಕ್ಷೆ ಮಾಡಿಸಿದ ವೈದ್ಯರು ಸಿಪ್ರೊಫ್ಲಾಕ್ಸಸಿನ್ ಬರೆದುಕೊಟ್ಟರು, ದಿನಕ್ಕೆರಡು ಬಾರಿ. ಮಾತ್ರೆ ಉಷ್ಣವೆಂಬ ನಂಬಿಕೆಯಿಂದ, ಅದನ್ನು ನುಂಗುವ ಹೊತ್ತಿಗೆ ಸರಿಯಾಗಿ ಒಂದು ಲೋಟ ಬಿಸಿ ಹಾಲು ಇರಬೇಕೆಂದು ಮೇಷ್ಟ್ರು ವ್ಯವಸ್ಥೆ ಮಾಡಿದರು. ನಾಲ್ಕನೆಯ ದಿನ ಹಾಲಿನ ಪಾಕೀಟು ಕೊಳ್ಳುತ್ತ ಅವರು ಈ ಮಾತನ್ನು ಔಷಧಿ ಅಂಗಡಿಯವರ ಬಳಿ ಹೆಮ್ಮೆಯಿಂದ ಹೇಳಿಕೊಂಡಾಗ ಅಂಗಡಿಯವರು ಹಣೆ ಚಚ್ಚಿಕೊಂಡರಂತೆ. ಹಾಲಿನ ಕ್ಯಾಲ್ಸಿಯಂ ಈ ಔಷಧಿಗೆ ಅಂಟಿಕೊಂಡು, ಅದು ಕರುಳಿನಿಂದ ರಕ್ತಕ್ಕೆ ಸೇರುವುದನ್ನೇ ತಡೆಯುತ್ತದೆ. ಮಾತ್ರೆ ನುಂಗಿದ ಮೇಲೆ ಎರಡು ಗಂಟೆ ಬಿಡಬೇಕು. ಹಾಲು ಮೊದಲಾಗಿದ್ದರೆ ಆರು ಗಂಟೆ. ಮೊಸರಿಗೂ ಕ್ಯಾಲ್ಸಿಯಂ ಮಾತ್ರೆಗೂ ಇದೇ ನಿಯಮ. ನಮ್ಮ ಹೆಮ್ಮೆಯ ರಾಗಿ ಅಂಬಲಿಯನ್ನೂ ದೂರವಿಡುವುದೇ ಲೇಸೆಂದರು. ವೈದ್ಯರನ್ನು ಕೇಳಿ ವೇಳಾಪಟ್ಟಿಯನ್ನು ಹೊಸದಾಗಿ ಬರೆದೆವು: ಬೆಳಿಗ್ಗೆ ಆರಕ್ಕೆ ಮಾತ್ರೆ, ಎಂಟೂವರೆಗೆ ಅಂಬಲಿ, ಹನ್ನೆರಡಕ್ಕೆ ಮೊಸರಿನೊಂದಿಗೆ ಊಟ, ಸಂಜೆ ಆರಕ್ಕೆ ಮಾತ್ರೆ, ರಾತ್ರಿ ಒಂಬತ್ತಕ್ಕೆ ಹಾಲು. ಕೀವು ಮುಂದಿನ ಹತ್ತು ದಿನಗಳಲ್ಲಿ ಇಳಿಯಿತು. ವೇಳೆ ಬದಲಿಸಿದ್ದರಿಂದಲೇ ಇಳಿಯಿತೆಂದು ನಾನು ಹೇಳಲಾರೆ, ಅದೇ ದಿನಗಳಲ್ಲಿ ತೂತು ತೊಳೆಯುವ ಕ್ರಮವನ್ನೂ ದಾದಿಯೊಬ್ಬರು ತಿದ್ದಿದ್ದರು. ಆದರೆ ಊಟ ತರುವವನ ಕೈಯಲ್ಲಿ ಔಷಧಿ ಚೀಟಿಯ ಒಂದು ನಕಲು ಇರಬೇಕೆಂಬುದನ್ನು ಅಂದಿನಿಂದ ಬಿಟ್ಟಿಲ್ಲ.

ಏಪ್ರಿಲ್ ಬಿಸಿಲಿನ ಒಂದು ದಿನ ಚಿತ್ರಾನ್ನದ ಡಬ್ಬಿ ಹುಡುಗನ ಬೈಕಿನಲ್ಲಿ ಮೂರೂವರೆ ಗಂಟೆ ಉಳಿದು ಹಳಸಿತು. ಮುಚ್ಚಳ ತೆಗೆದೊಡನೆ ವಾಸನೆ ಗೊತ್ತಾಗಿ ಯಾರೂ ತಿನ್ನಲಿಲ್ಲ. ಅನ್ನ ಬಸಿದ ಎರಡು ಗಂಟೆಯೊಳಗೆ ಬಾಯಿಗೆ ಸೇರಬೇಕೆಂಬ ನಿಯಮ ಹಾಗೆ ಬಂದಿತು.

ಉಳಿದದ್ದೆಲ್ಲ ಸರಿಯಾಗಿದೆ ಎಂದುಕೊಂಡಿದ್ದಾಗ ತೂಕದ ಯಂತ್ರ ಬೇರೆಯೇ ಮಾತು ಹೇಳಿತು. ಚೌಕಟ್ಟಿನ ಭಾರ ಪ್ರತಿಬಾರಿಯೂ ಅಷ್ಟೇ ಇರುವುದರಿಂದ ವ್ಯತ್ಯಾಸವೆಲ್ಲ ದೇಹದ್ದೇ. ಮೂರು ವಾರಗಳಲ್ಲಿ ನಾಯಕ್ ಎರಡು ಕಿಲೋ ಇಳಿದಿದ್ದರು. ನನ್ನ ಪುಸ್ತಕದ ಪ್ರಕಾರ ಒಂದು ದಿನವೂ 75 ಗ್ರಾಮಿಗೆ ಕಡಿಮೆ ಹೋಗಿರಲಿಲ್ಲ. ಡಬ್ಬಿಗಳು ತೊಳೆದಿಟ್ಟಂತೆ ಖಾಲಿಯಾಗಿ ಬರುತ್ತಿದ್ದವು. ಸೋಂಕಿನಿಂದ ಇರಬಹುದೆಂದು ವೈದ್ಯರು, ಜಂತುಹುಳುವಿನ ಮಾತ್ರೆ ಕೊಡಿಸೋಣವೆಂದು ಮೇಷ್ಟ್ರು.

ಗುಟ್ಟು ಬಯಲಾದದ್ದು ಹುಡುಗರಿಗೆ ಪರೀಕ್ಷೆ ಇದ್ದ ಒಂದು ದಿನ. ಖಾನಾವಳಿಯ ಅಕ್ಕ ತಾವೇ ಆಟೋ ಹತ್ತಿ ಕ್ಯಾರಿಯರ್ ಒಯ್ದರು. ಕೊಟ್ಟು ಬರುವ ಬದಲು, ಹೆಂಗಸರಿಗೆ ಸಹಜವಾದಂತೆ, ಅಡುಗೆಮನೆಗೆ ಹೋಗಿ ಕೂತರು. ಒಲೆ ತಣ್ಣಗಿತ್ತು. ಅಕ್ಕಿಯ ಡಬ್ಬ ತಳ ಕಂಡಿತ್ತು. ನಾಲ್ಕು ರೊಟ್ಟಿಯಲ್ಲಿ ಎರಡು ನಾಯಕ್ ತಟ್ಟೆಗೆ ಹೋದವು, ಒಂದು ಮಗನಿಗೆ, ಒಂದು ಮುಚ್ಚಳದಡಿ ಉಳಿಯಿತು. ಬೇಯಿಸಿದ ಮೂರು ಮೊಟ್ಟೆಗಳಲ್ಲಿ ಒಂದನ್ನು ಮಗ ಆಗಲೇ ತಿಂದಾಗಿತ್ತು. “ಎಲ್ಡೇ ರೊಟ್ಟಿ ಸಾಕು ಅಂತಾರಕ್ಕ. ನಾನ್ ಉಂಡಿಲ್ಲ ಅಂದ್ರ ಅವ್ರೂ ಉಣ್ಣಲ್ಲ” ಎಂದರಂತೆ ಆಕೆ. ಮನೆಯಲ್ಲಿ ಅಡುಗೆ ಯಾಕೆ ಮಾಡುತ್ತಿಲ್ಲವೆಂದು ಕೇಳಿದ್ದಕ್ಕೆ ಬಂದ ಉತ್ತರವನ್ನು ಅಕ್ಕ ನಮ್ಮೆದುರು ಹೇಳಿದಾಗ ಯಾರೂ ತಲೆಯೆತ್ತಲಿಲ್ಲ: “ನೀವೇ ಹೇಳಿದ್ರಲ್ಲ, ಒಲಿ ಹಚ್ಚಬ್ಯಾಡ್ರಿ, ಊಟದ ಚಿಂತಿ ನಮ್ದು ಅಂತ.”

ಹೇಳಿದ್ದು ನಾವೇ, ಅದರಲ್ಲೂ ನಾನೇ. ಬೆಳಿಗ್ಗೆ ತೂತು ತೊಳೆಯುವುದು, ಮಗನನ್ನು ಶಾಲೆಗೆ ಬಿಡುವುದು, ನಾಯಕ್‌ರನ್ನು ಆಟೋದಲ್ಲಿ ಫಿಜಿಯೋಥೆರಪಿಗೆ ಕರೆದೊಯ್ಯುವುದು, ರಾತ್ರಿ ಎರಡು ಸಲ ಎದ್ದು ಕಾಲಿನ ದಿಂಬು ಸರಿಪಡಿಸುವುದು, ಇಷ್ಟೆಲ್ಲ ಮಾಡುವ ಹೆಂಗಸಿಗೆ ಅಡುಗೆಯ ಹೊರೆ ಬೇಡವೆಂಬ ಸದುದ್ದೇಶದಿಂದ ಹೇಳಿದ ಮಾತು ಅದು. ಆಕೆ ಅದನ್ನು ಮನೆಮಂದಿಗೆಲ್ಲ ಎಂದು ತಿಳಿದರು. ನಾವು ರೋಗಿಗೆ ಮಾತ್ರ ಎಂದು ತಿಳಿದಿದ್ದೆವು. ನಮ್ಮ ಪುಸ್ತಕದಲ್ಲಿ ಪ್ರೋಟೀನಿಗೆ ಅಂಕಣವಿತ್ತು, ಕ್ಯಾಲ್ಸಿಯಮ್ಮಿಗೆ ಅಂಕಣವಿತ್ತು. ಆ ಮನೆಯಲ್ಲಿ ಉಣ್ಣುವ ಬಾಯಿಗಳು ಎಷ್ಟೆಂಬುದಕ್ಕೆ ಅಂಕಣವಿರಲಿಲ್ಲ. 75 ಗ್ರಾಂ ಮೂವರಲ್ಲಿ ಹಂಚಿಹೋಗುತ್ತಿತ್ತು. ಕೊರತೆಯಾಗಿದೆಯೆಂದು ಆಕೆ ಬಾಯಿಬಿಟ್ಟು ಕೇಳಬಹುದಿತ್ತಲ್ಲ ಎಂದವರೂ ನಮ್ಮಲ್ಲಿದ್ದರು. ಧರ್ಮಕ್ಕೆ ಬರುವ ಡಬ್ಬಿಯಲ್ಲಿ ಇನ್ನೊಂದು ರೊಟ್ಟಿ ಹಾಕಿ ಎಂದು ಯಾವ ಮರ್ಯಾದಸ್ಥ ಮನೆಯ ಹೆಣ್ಣುಮಗಳು ಕೇಳುತ್ತಾಳೆ?

ಮರುದಿನದಿಂದ ಮೂರು ಕ್ಯಾರಿಯರ್ ಹೊರಟವು. ಒಂದೇ ದೊಡ್ಡ ಪಾತ್ರೆಯಲ್ಲಿ ಮೂವರ ಊಟ ಕಳಿಸಿದರೆ ಹಂಚಿಕೆ ಮತ್ತೆ ಹಳೆಯದಕ್ಕೇ ತಿರುಗುತ್ತದೆಂದು ಸುಬೇದಾರರು ಹಟ ಹಿಡಿದರು. ಮೂರನೆಯದು ಮಗನ ಪುಟ್ಟ ಸ್ಟೀಲ್ ಡಬ್ಬಿ. ಮೊಟ್ಟೆ ದಿನಕ್ಕೆ ಐದಾಯಿತು. ರಾತ್ರಿಯ ಅನ್ನ ಸಾರನ್ನು ಮಾತ್ರ ತಾನೇ ಮಾಡುತ್ತೇನೆಂದು ಆಕೆ ಕೇಳಿಕೊಂಡಾಗ ಅದಕ್ಕೂ ಒಪ್ಪಿದೆವು. ಮುಂದಿನ ನಾಲ್ಕು ವಾರಗಳಲ್ಲಿ ಹೋದ ಎರಡು ಕಿಲೋ ಮರಳಿತು.

ದುಡ್ಡಿನ ಮಾತು

ಸಿಕ್ ಲೀವಿನಲ್ಲಿರುವ ಯೋಧನಿಗೆ ಸಂಬಳ ಬರುತ್ತಿರುತ್ತದೆ. ಇದನ್ನು ನಮ್ಮ ಗುಂಪಿನ ಅರ್ಧಕ್ಕರ್ಧ ಜನ ಯೋಚಿಸಿಯೇ ಇರಲಿಲ್ಲ. ಆ ಮನೆಯಲ್ಲಿ ಕಡಿಮೆಯಿದ್ದುದು ದುಡ್ಡಲ್ಲ, ಕೈಗಳು. ಎರಡನೆಯ ವಾರವೇ ನಾಯಕ್ ದಿಂಬಿನ ಕೆಳಗಿಂದ ನೋಟು ತೆಗೆದು ನನ್ನ ಮುಂದಿಟ್ಟು, “ಲೆಕ್ಕ ಬರೀತೀರಲ್ಲ ಸಾರ್, ನನ್ನ ಪಾಲೂ ಬರ್ಕೊಳ್ಳಿ” ಎಂದರು. ಕೆಲವರಿಗೆ ಇದು ಅವಮಾನವೆನಿಸಿತು. ಸೇವೆಗೆ ಬೆಲೆ ಕಟ್ಟುವುದೇ ಎಂಬ ವಾದ ನಡೆಯಿತು. ನನ್ನ ತೀರ್ಮಾನ ಬೇರೆ. ಕೊಡಬಲ್ಲವನ ಕೈಯನ್ನು ತಡೆಯುವುದು ಅವನನ್ನು ಇನ್ನೊಂದು ಬಗೆಯಲ್ಲಿ ಹಾಸಿಗೆಗೆ ಕಟ್ಟಿದಂತೆ. ಕೊನೆಗೆ ದಿನಸಿಯ ಖರ್ಚು ಅವರದು, ಬೇಯಿಸಿ ಒಯ್ಯುವ ದುಡಿಮೆ ನಮ್ಮದು ಎಂದಾಯಿತು. ಅವರ ಹೊಲದ ಒಂದು ಚೀಲ ರಾಗಿ ಖಾನಾವಳಿಗೆ ಬಂದು ಬಿದ್ದ ದಿನದಿಂದ ಅವರು ನಮ್ಮೊಂದಿಗೆ ಮಾತಾಡುವ ದನಿಯೇ ಬದಲಾಯಿತು.

ಸರ್ಕಾರದ ಬಾಗಿಲು ತಟ್ಟಲಿಲ್ಲವೇ ಎಂದು ಕೇಳುವವರಿದ್ದಾರೆ. ರಾಜ್ಯದ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕೆಲಸ ಮುಖ್ಯವಾಗಿ ಮಾಜಿ ಸೈನಿಕರು, ಮಡಿದವರ ಪತ್ನಿಯರು ಹಾಗೂ ಕುಟುಂಬಗಳಿಗೆ ಸಂಬಂಧಿಸಿದ್ದು. 2003ರಲ್ಲಿ ಆರಂಭವಾದ ಇಸಿಎಚ್‌ಎಸ್ ಆರೋಗ್ಯ ಯೋಜನೆಯೂ ನಿವೃತ್ತರಿಗಾಗಿಯೇ. ಇನ್ನೂ ಸೇವೆಯಲ್ಲಿರುವವರ ಚಿಕಿತ್ಸೆ ಸೇನೆಯ ಹೊಣೆ, ಅದನ್ನು ಸೇನೆ ಚೆನ್ನಾಗಿಯೇ ನಿರ್ವಹಿಸಿತು. ಸೇನಾ ಆಸ್ಪತ್ರೆಯ ಗೇಟಿನಿಂದ ಹೊರಬಂದು ಮತ್ತೆ ಅದೇ ಗೇಟಿಗೆ ಹೋಗುವವರೆಗಿನ ವಾರಗಳಲ್ಲಿ ಮಧ್ಯಾಹ್ನದ ಊಟ ಯಾರು ಮಾಡುತ್ತಾರೆಂಬುದು ಯಾವ ಇಲಾಖೆಯ ಕಡತಕ್ಕೂ ಸೇರುವ ಪ್ರಶ್ನೆಯಲ್ಲ.

ಸಂಜೆ ಐದು ಗಂಟೆ

ಊಟಕ್ಕಿಂತ ಕಷ್ಟವಾದದ್ದು ಮಾತು. ಬಂದವರೆಲ್ಲ ಗಾಡಿ ಹೇಗೆ ಉರುಳಿತೆಂದೇ ಕೇಳುತ್ತಿದ್ದರು. ಅದೇ ಗಾಡಿಯಲ್ಲಿದ್ದ ಜೊತೆಗಾರರೊಬ್ಬರು ಉಳಿಯಲಿಲ್ಲವೆಂಬುದು ನಮಗೆ ಗೊತ್ತಾದದ್ದು ಐದನೆಯ ವಾರ. ಎನ್‌ಸಿಸಿ ಹುಡುಗರು ಮೊದಲ ದಿನಗಳಲ್ಲಿ ಗಡಿಯ ಕಥೆ ಕೇಳಲು ಹಾಸಿಗೆಯ ಪಕ್ಕ ಕೂರುತ್ತಿದ್ದರು. ಸುಬೇದಾರರು ಗದರಿ ನಿಲ್ಲಿಸಿದರು. ಅವರೇ ದಿನವೂ ಸಂಜೆ ಐದಕ್ಕೆ ಹೋಗುತ್ತಿದ್ದರು. ಒಂದು ಗಂಟೆ ಕೂತು, ಪೇಪರು ಅರ್ಧರ್ಧ ಹಂಚಿಕೊಂಡು ಓದಿ, ಬೆಳೆ ಮಳೆಯ ಎರಡು ಮಾತಾಡಿ ಎದ್ದು ಬರುತ್ತಿದ್ದರು. ಏನು ಮಾತಾಡಿದಿರಿ ಎಂದು ಕೇಳಿದರೆ “ಏನೂ ಇಲ್ಲ” ಎನ್ನುವರು.

ಆ ಏನೂ ಇಲ್ಲದ ಗಂಟೆಗಳಲ್ಲೇ ನಾಯಕ್ ಮನಸ್ಸಿನ ನಿಜವಾದ ಭಯ ಹೊರಬಂದಿತು. ಮನಸ್ಸು, ಕಿವಿ, ಕೈಕಾಲು, ದೇಹ, ಕಣ್ಣು ಎಂಬ ಐದಕ್ಕೂ ಅಂಕಿ ಕೊಟ್ಟು ಸೇನೆ ಯೋಧನ ವೈದ್ಯಕೀಯ ದರ್ಜೆ ಗೊತ್ತುಮಾಡುತ್ತದೆ. ಐದನ್ನೂ ಸೂಚಿಸುವ ಇಂಗ್ಲಿಷ್ ಅಕ್ಷರಗಳು ಸೇರಿ ‘ಶೇಪ್’. ‘ಶೇಪ್ ಒನ್’ ಎಂದರೆ ಪೂರ್ಣ ಸಮರ್ಥ. ಕೆಟಗರಿ ಇಳಿದರೆ ಹವಾಲ್ದಾರ್ ಬಡ್ತಿ ಏನಾಗುತ್ತದೋ ಎಂಬುದೇ ಅವರ ಚಿಂತೆಯಾಗಿತ್ತು, ನೋವಲ್ಲ. ಕೆಟಗರಿ ಇಳಿದ ಮೇಲೂ ಕಚೇರಿಯ, ಸ್ಟೋರಿನ ಕೆಲಸಗಳಲ್ಲಿ ಮುಂದುವರಿದ ತಮ್ಮ ಬಳಗದವರ ಉದಾಹರಣೆಗಳನ್ನು ಸುಬೇದಾರರು ಒಂದೊಂದಾಗಿ, ಆತುರವಿಲ್ಲದೆ ಹೇಳಿದರು. ನಮ್ಮಲ್ಲಿ ಬೇರಾರಿಗೂ ಈ ಮಾತು ಆಡುವ ಯೋಗ್ಯತೆ ಇರಲಿಲ್ಲ.

ಆರನೆಯ ವಾರ ಮರುಪರೀಕ್ಷೆಗೆ ಬೆಂಗಳೂರಿಗೆ ಹೋಗಬೇಕಾಯಿತು, ಸುಮಾರು 260 ಕಿಲೋಮೀಟರ್. ಬಸ್ಸಿನ ಸೀಟಿನ ನಡುವೆ ಆ ಕಾಲು ತೂರುವುದಿಲ್ಲ. ಔಷಧಿ ಅಂಗಡಿಯವರ ಕಾರಿನ ಹಿಂದಿನ ಸೀಟಿನಲ್ಲಿ ಕಾಲು ಚಾಚಿಸಿ, ಕೆಳಗೆ ಎರಡು ದಿಂಬು ಕೊಟ್ಟು ಹೊರಟೆವು. ಚಿತ್ರದುರ್ಗದ ಬಳಿ ಹೆದ್ದಾರಿ ಪಕ್ಕದಲ್ಲಿ ಅಲ್ಲಿಯ ಮಾಜಿ ಸೈನಿಕರೊಬ್ಬರು ಉಪ್ಪಿಟ್ಟು, ಫ್ಲಾಸ್ಕಿನಲ್ಲಿ ಚಹಾ ಹಿಡಿದು ಕಾದಿದ್ದರು. ನಾಯಕ್ ಚಹಾ ಮುಟ್ಟಲಿಲ್ಲ. ಬೆಳಗಿನಿಂದ ನೀರನ್ನೂ ಕುಡಿದಿಲ್ಲವೆಂದು ಆಗ ತಿಳಿಯಿತು; ದಾರಿಯಲ್ಲಿ ಶೌಚಕ್ಕೆ ಹೋಗಬೇಕಾದೀತೆಂಬ ಹೆದರಿಕೆ. ಮರಳುವಾಗ ಕುರ್ಚಿಯಂತೆ ಕೂರಬಹುದಾದ ಶೌಚಾಲಯವಿರುವ ಹೋಟೆಲುಗಳನ್ನು ಶಿರಾ, ಹಿರಿಯೂರಿನ ನಡುವೆ ಮೊದಲೇ ಗುರುತಿಸಿಕೊಂಡು, ನಿಲ್ಲುವ ಜಾಗಗಳನ್ನು ಊಟದ ಹೊತ್ತಿನಿಂದಲ್ಲ, ಅವುಗಳಿಂದ ಗೊತ್ತುಮಾಡಿಕೊಂಡೆವು.

ಹನ್ನೆರಡನೆಯ ವಾರದ ಕೊನೆಗೆ ಅವರು ಬೆಂಗಳೂರಿನ ಆಸ್ಪತ್ರೆಗೆ ಮರಳಿದರು. ಚೌಕಟ್ಟು ಬಿಚ್ಚಿದ್ದು ಅದಾಗಿ ಎಷ್ಟೋ ತಿಂಗಳ ಮೇಲೆ. ಕೆಟಗರಿ ಇಳಿಯಿತು, ಈಗ ಸ್ಟೋರಿನಲ್ಲಿ ಕೆಲಸ. ಬಡ್ತಿಯ ವಿಷಯ ಇನ್ನೂ ತೀರ್ಮಾನವಾಗಿಲ್ಲ. ಮನೆ ಖಾಲಿ ಮಾಡುವ ದಿನ ನಾನು ಲೆಕ್ಕ ಮುಗಿಸಲು ಹೋಗಿದ್ದೆ. ದಿನಸಿಯ ಬಾಬ್ತಿನಲ್ಲಿ ಅವರದೇ ಸ್ವಲ್ಪ ಹಣ ನಮ್ಮಲ್ಲಿ ಹೆಚ್ಚಾಗಿ ಉಳಿದಿತ್ತು, ಅದನ್ನು ಎಣಿಸಿ ಕೊಟ್ಟೆ. ನಾಯಕ್ ತಾವೂ ಎಣಿಸಿಯೇ ತೆಗೆದುಕೊಂಡರು. ಕಮೋಡ್ ಕುರ್ಚಿ ಔಷಧಿ ಅಂಗಡಿಗೆ ವಾಪಸಾಯಿತು. ಎರಡು ಕ್ಯಾರಿಯರ್ ಖಾನಾವಳಿಗೆ ಬಂದವು. ಮೂರನೆಯದನ್ನು, ಆ ಪುಟ್ಟ ಸ್ಟೀಲ್ ಡಬ್ಬಿಯನ್ನು, ಮಗ ತನ್ನ ಶಾಲೆಯ ಚೀಲದಲ್ಲಿ ಹಾಕಿಕೊಂಡುಬಿಟ್ಟಿದ್ದ. ತೆಗೆದುಕೊಡು ಎಂದು ತಾಯಿ ಗದರಿದರೂ ಕೊಡಲಿಲ್ಲ. ಪುಸ್ತಕದ ಕೊನೆಯ ಪುಟದಲ್ಲಿ ಅದನ್ನು ‘ಬಾಕಿ’ ಎಂದೇ ಬರೆದಿದ್ದೇನೆ.